ಆತಿಥ್ಯದ ಹೆಸರಿನಲ್ಲಿ ಎರಡು ಚಮಚ
(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಬಂಧುಗಳೊಬ್ಬರ ಮನೆಗೆ ಹೋಗಿದ್ದೆ. ಚಹಾಕ್ಕೆ ಸಕ್ಕರೆ ಬೇಡವೆಂದಾಗ ಮನೆಯೊಡತಿಗೆ ಬೇಸರವಾಯಿತು. "ನಮ್ಮ ಮನೆಯಲ್ಲಿ ಸಕ್ಕರೆಗೇನು ಬರಗಾಲವೇ ಭಾಯ್?" ಎನ್ನುತ್ತಾ ಎರಡು ಚಮಚ ಹಾಕಿಯೇ ತಂದರು. ಹತ್ತು ವರ್ಷಗಳಿಂದ ಮಧುಮೇಹದ ಮಾತ್ರೆ ನುಂಗುತ್ತಿರುವ ಯಜಮಾನರ ಲೋಟಕ್ಕೂ ಒಂದು ಚಮಚ ಬಿದ್ದಿತ್ತು. ಅತಿಥಿಯ ಜೊತೆ ಕುಡಿಯುವಾಗ ಪಥ್ಯವೆಲ್ಲಿಯದು ಎಂದು ಅವರು ನಕ್ಕರು. ನಿರಾಕರಿಸುವ ಧೈರ್ಯವಿಲ್ಲದೆ ನಾನೂ ಕುಡಿದೆ.

ಇದು ಒಂದು ಮನೆಯ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಇದಕ್ಕೆಲ್ಲಾ ಸಕ್ಕರೆಯೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಲೆಕ್ಕ ಹಾಕಿ ನೋಡಿ. ದಿನಕ್ಕೆ 2000 ಕ್ಯಾಲೊರಿ ಸೇವಿಸುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ವಿಧಿಸಿದ ಮಿತಿ ಸುಮಾರು 50 ಗ್ರಾಂ. 25 ಗ್ರಾಮಿಗೆ ಇಳಿಸಿದರೆ ಇನ್ನೂ ಉತ್ತಮ. ಒಂದು ಚಮಚದಲ್ಲಿ 4 ಗ್ರಾಂ ಎಂದರೂ ದಿನದ ನಾಲ್ಕು ಚಹಾಗಳಲ್ಲೇ 32 ಗ್ರಾಂ ಮುಗಿಯಿತು. ಬಿಸ್ಕತ್ತು, ಬೇಕರಿಯ ಬನ್ನು, ಶರಬತ್ತು ಇನ್ನೂ ಬಾಕಿ ಇವೆ. ಇಡೀ ಹಣ್ಣು, ಹಾಲುಗಳಲ್ಲಿನ ಸಹಜ ಸಿಹಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಬೆಲ್ಲ, ಜೇನು, ಹಣ್ಣಿನ ರಸ ಸೇರುತ್ತವೆ. ಬೆಲ್ಲ ತಿಂದರೆ ಏನೂ ಆಗದೆಂಬುದು ನಾವೇ ಹೇಳಿಕೊಂಡ ಸಮಾಧಾನ.

ನನ್ನ ನಿಜವಾದ ಚಿಂತೆ ಮಕ್ಕಳದು. ಬ್ರಿಟನ್ನಿನಲ್ಲಿ ಯುದ್ಧಕಾಲದ ಸಕ್ಕರೆ ಪಡಿತರ 1953ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತು. ಸರಾಸರಿ ದೈನಂದಿನ ಬಳಕೆ ಸುಮಾರು 40 ಗ್ರಾಮಿನಿಂದ 80ಕ್ಕೆ ಏರಿತು. ಅದಕ್ಕೂ ಮುಂಚೆ ಗರ್ಭದಲ್ಲಿಯೂ ಶೈಶವದಲ್ಲಿಯೂ ಕಡಿಮೆ ಸಕ್ಕರೆ ಕಂಡವರನ್ನು ಅನಂತರ ಹುಟ್ಟಿದವರೊಂದಿಗೆ ಹೋಲಿಸಿದ ಸಂಶೋಧಕರು 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲಿನವರಲ್ಲಿ ವಯಸ್ಸಾದ ಮೇಲೆ ಮಧುಮೇಹದ ಅಪಾಯ ಸುಮಾರು ಶೇ. 35ರಷ್ಟು, ರಕ್ತದೊತ್ತಡದ ಅಪಾಯ ಶೇ. 20ರಷ್ಟು ಕಡಿಮೆಯಿತ್ತು. ತೊಟ್ಟಿಲ ಮಗುವಿನ ಬಾಯಿಗೆ ಪ್ರೀತಿಯಿಂದ ಬಿಸ್ಕತ್ತು ನೆನೆಸಿಡುವ ಅಜ್ಜಿಯರು ಇದನ್ನು ಕೇಳಿಸಿಕೊಳ್ಳಬೇಕು.

ಸರಕಾರವೇನು ಮಾಡುತ್ತಿದೆ? ಮಾಲ್ಟ್ ಪುಡಿಗಳನ್ನು 'ಆರೋಗ್ಯ ಪೇಯ'ವೆಂಬ ವಿಭಾಗದಲ್ಲಿ ಮಾರಬಾರದೆಂದು 2024ರಲ್ಲಿ ಆನ್‌ಲೈನ್ ಮಾರಾಟಗಾರರಿಗೆ ತಿಳಿಸಿತು. ಶಾಲೆಗಳಲ್ಲಿ 'ಸಕ್ಕರೆ ಫಲಕ' ಹಾಕುವಂತೆ ಸಿಬಿಎಸ್‌ಇ 2025ರಲ್ಲಿ ಸೂಚಿಸಿತು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೋಲಾಕ್ಕೆ ಶೇ. 40 ಜಿಎಸ್‌ಟಿ ವಿಧಿಸಿದ ಕೈಯೇ ಬಿಸ್ಕತ್ತು, ಚಾಕಲೇಟುಗಳ ತೆರಿಗೆಯನ್ನು ಶೇ. 18ರಿಂದ 5ಕ್ಕೆ ಇಳಿಸಿತು! ಆದ್ದರಿಂದ ಪೊಟ್ಟಣದ ಹಿಂಬದಿಯನ್ನು ನಾವೇ ಓದಬೇಕಾಗಿದೆ. ಅಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಮೊದಲ ಮೂರರಲ್ಲಿದ್ದರೆ ಅದನ್ನು ಮಿಠಾಯಿಯೆಂದೇ ತಿಳಿಯಿರಿ.

ಹಬ್ಬದ ಸಿಹಿಯನ್ನು ನಾನು ಆಕ್ಷೇಪಿಸುತ್ತಿಲ್ಲ. ದಿನನಿತ್ಯದ ಲೋಟದ ಬಗ್ಗೆ ಹೇಳುತ್ತಿದ್ದೇನೆ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಅತಿಥಿಗಳ ಮುಂದೆ ಸಕ್ಕರೆಯನ್ನು ಬೇರೆ ಬಟ್ಟಲಿನಲ್ಲಿಡಿ, ಬೇಕಾದಷ್ಟನ್ನು ಅವರೇ ಹಾಕಿಕೊಳ್ಳಲಿ. ನನ್ನ ಆ ಬಂಧುವಿನ ಪತ್ನಿಗೂ ಇದನ್ನೇ ಹೇಳಿದೆ. ಅವರು ಒಪ್ಪಿದ್ದಾರೆ. ಬಟ್ಟಲು ಯಜಮಾನರ ಕೈಗೆಟುಕದಷ್ಟು ದೂರದಲ್ಲಿರಬೇಕೆಂಬುದು ಅವರ ಏಕೈಕ ಷರತ್ತು.