ಬಳಕೆ ತಪ್ಪಿದ ದಾರಿ ಯಾರದು?

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಾಠ)



ಹೊಲವನ್ನು ಮಾರಬಹುದು, ಮನೆಯನ್ನು ಮಾರಬಹುದು. ಊರ ಓಣಿಯನ್ನು ಯಾರೂ ಮಾರಲಾರರು. ಅದು ಒಬ್ಬರ ಸ್ವತ್ತಲ್ಲ. ಆದರೆ ಜನರು ನಡೆಯುವುದನ್ನೇ ಬಿಟ್ಟ ಓಣಿ ಯಾರದು?

ನಮ್ಮ ಜಿಲ್ಲೆಯಲ್ಲಿ ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಹಿನ್ನೀರಿನಿಂದಾಗಿ ಕೃಷ್ಣಾ ತೀರದ ಅನೇಕ ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡವು. 2009ರ ಮಹಾಪೂರದ ಬಳಿಕ ‘ಆಸರೆ’ ಯೋಜನೆಯಡಿ ನೆರೆಪೀಡಿತ ಊರುಗಳಿಗೆ ಬೇರೆ ಜಾಗದಲ್ಲಿ ಮನೆಗಳಾದವು. ಜನರು ಹೋದರೂ ನೀರಿನಲ್ಲಿ ಮುಳುಗದ ಹಳೆಯ ಗಾಂವಠಾಣದ ಓಣಿ, ಅಗಸಿಯ ದಾರಿ, ಬಾವಿಯ ದಾರಿ ಅಲ್ಲಿಯೇ ಉಳಿಯುತ್ತವೆ. ಇಂಥ ದಾರಿಯಲ್ಲಿ ಮೊದಲು ಜಾಲಿ ಬೆಳೆಯುತ್ತದೆ, ಅನಂತರ ಪಕ್ಕದವರ ಬಣವೆ ಬರುತ್ತದೆ, ಕೊನೆಗೆ ಮುಳ್ಳುಬೇಲಿ ಬೀಳುತ್ತದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇರುವುದರಿಂದ ಈ ಪ್ರಶ್ನೆ ಮುಂದೆಯೂ ಪಂಚಾಯಿತಿಗಳ ಮುಂದೆ ಬರಲಿದೆ.

ಕಾನೂನಿನ ಉತ್ತರ ಸ್ಪಷ್ಟವಾಗಿದೆ. 1956ಕ್ಕೆ ಮುನ್ನ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿದ್ದಾಗ 1879ರ ಭೂಕಂದಾಯ ಸಂಹಿತೆಯು ಸಾರ್ವಜನಿಕ ದಾರಿಗಳನ್ನು ಸರ್ಕಾರದ ಸ್ವತ್ತೆಂದು ಹೇಳಿತ್ತು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೆಯ ಪ್ರಕರಣವೂ ಅದನ್ನೇ ಹೇಳುತ್ತದೆ. ಜನಸಂಚಾರ ನಿಂತ ಮಾತ್ರಕ್ಕೆ ಈ ಹಕ್ಕು ನಂದುವುದಿಲ್ಲ. ಒಮ್ಮೆ ಹೆದ್ದಾರಿಯಾದುದು ಎಂದೆಂದಿಗೂ ಹೆದ್ದಾರಿಯೇ ಎಂಬುದು ಇಂಗ್ಲೆಂಡಿನ ಹಳೆಯ ನ್ಯಾಯಸೂತ್ರ. ಅಲ್ಲಿ ಇಂದಿಗೂ ಅನಗತ್ಯವಾದ ರಸ್ತೆಯನ್ನು ಮುಚ್ಚಲು 1980ರ ಹೆದ್ದಾರಿ ಕಾಯ್ದೆಯಂತೆ ನ್ಯಾಯಾಲಯದ ಆದೇಶ ಪಡೆಯುವ ಕ್ರಮವಿದೆ.

ನಮ್ಮಲ್ಲಿ ಆ ಕ್ರಮವನ್ನು 68ನೆಯ ಪ್ರಕರಣ ವಿಧಿಸಿದೆ. ರಸ್ತೆ, ಓಣಿ ಅಥವಾ ಕಾಲುದಾರಿಯು ಸಾರ್ವಜನಿಕರಿಗೆ ಇನ್ನು ಅವಶ್ಯವಿಲ್ಲವೆಂದು ರಾಜ್ಯ ಸರ್ಕಾರಕ್ಕೆ ಕಂಡುಬಂದರೆ, ಅದರ ಮೇಲಿನ ಹಕ್ಕುಗಳನ್ನು ನಂದಿಸುವ ಉದ್ದೇಶವನ್ನು ಅಧಿಸೂಚನೆಯ ಮೂಲಕ ಸಾರಬೇಕು. ಜಿಲ್ಲಾಧಿಕಾರಿಗಳು ಆ ದಾರಿಯ ಬಳಿ ಸಾರ್ವಜನಿಕ ನೋಟೀಸು ಹಚ್ಚಿಸಬೇಕು. ಬಾಧಿತರು ನಿಗದಿತ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ನಷ್ಟವಾಗುವುದಾದರೆ ಪರಿಹಾರವನ್ನೂ ಕೇಳಬಹುದು. ಆಕ್ಷೇಪಣೆಗಳ ವಿಚಾರಣೆ ನಡೆದ ಮೇಲೆಯೇ ಅಂತಿಮ ತೀರ್ಮಾನ. ನಗರಗಳ ಮಾತೂ ಇದಕ್ಕೆ ಹತ್ತಿರವಾದುದೇ. ಮಹಾನಗರಪಾಲಿಕೆಗಳ 1976ರ ಅಧಿನಿಯಮದಲ್ಲಿ ಬೀದಿಯನ್ನು ಶಾಶ್ವತವಾಗಿ ಮುಚ್ಚಲು ಮತ್ತು ಮುಚ್ಚಿದ ಬೀದಿಯ ಜಾಗವನ್ನು ವಿಲೇ ಮಾಡಲು ಪ್ರತ್ಯೇಕ ವಿಧಿಗಳಿವೆ.

ಇದರಿಂದ ಮೂರು ಮಾತುಗಳು ಸಿದ್ಧವಾಗುತ್ತವೆ. ಮೊದಲನೆಯದು, ಗ್ರಾಮ ಪಂಚಾಯಿತಿಯ ಠರಾವು ಅಭಿಪ್ರಾಯ ಮಾತ್ರ. ಅದರಿಂದಲೇ ದಾರಿ ಮುಚ್ಚಿಹೋಗದು. ಎರಡನೆಯದು, ಹಕ್ಕು ನಂದಿದರೂ ಭೂಮಿ ಸರ್ಕಾರದ್ದೇ ಹೊರತು ಬೇಲಿ ಹಾಕಿದವರದ್ದಲ್ಲ. ಮೂರನೆಯದು, ಘೋಷಣೆಯಾಗುವ ತನಕ ಅಡ್ಡಗಟ್ಟಿದವರು ಅತಿಕ್ರಮಣಕಾರರೇ. ಪಂಚಾಯತ್ ರಾಜ್ ಅಧಿನಿಯಮ, 1993ರ 72ನೆಯ ಪ್ರಕರಣವು ಬೀದಿಯ ಅಡ್ಡಿ, ಅತಿಕ್ರಮಣಗಳ ವಿಷಯದಲ್ಲಿ ಪಂಚಾಯಿತಿಗೆ ಅಧಿಕಾರ ನೀಡಿದೆ. ಹಳ್ಳಿಯ ಸಾಮೂಹಿಕ ಭೂಮಿಯನ್ನು ಬಹುಕಾಲದಿಂದ ಆಕ್ರಮಿಸಿದ್ದಾರೆಂಬ ಕಾರಣಕ್ಕೆ ಸಕ್ರಮಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ನಿಷ್ಠುರವಾಗಿ ಹೇಳಿದೆ.

ಹಾಗಾದರೆ ಯಾವ ದಾರಿಯನ್ನೂ ಬಿಟ್ಟುಕೊಡಬಾರದೆ? ಹಾಗಲ್ಲ. ಪಾಳುಬಿದ್ದ ಓಣಿಗಳ ಜಾಗದಲ್ಲಿ ಶಾಲೆಯ ಮೈದಾನವೋ ನಿವೇಶನವೋ ಆಗುವುದಾದರೆ ಅದು ಊರಿಗೆ ಹಿತವೇ. ಆದರೆ ಶಿಫಾರಸು ಮಾಡುವ ಮುನ್ನ ಸದಸ್ಯರು ಗ್ರಾಮ ನಕಾಶೆಯನ್ನು ಕೈಯಲ್ಲಿ ಹಿಡಿದು ಆ ದಾರಿಯಲ್ಲಿ ನಡೆಯಬೇಕು. ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತಿದೆಯೇ, ಪಹಣಿಯಲ್ಲಿ ‘ಬ’ ಖರಾಬು ಎಂದಿದೆಯೇ ಎಂದು ನೋಡಬೇಕು. ರಸ್ತೆ, ಹಳ್ಳ ಮುಂತಾದ ಸಾರ್ವಜನಿಕ ಬಳಕೆಯ ಜಾಗಕ್ಕೆ ಆ ವರ್ಗ ಸಲ್ಲುತ್ತದೆ. ಮುಳುಗಡೆಗಾಗಿ ಸ್ವಾಧೀನಗೊಂಡ ಊರಾದರೆ, ಭೂಸ್ವಾಧೀನ ಮತ್ತು ಪುನರ್ವಸತಿ ಕಚೇರಿಯ ದಾಖಲೆಯನ್ನು ಮೊದಲು ಪರಿಶೀಲಿಸಬೇಕು.

ಕಾಗದದಲ್ಲಿ ಕಾಣದ ಬಳಕೆಯೂ ಉಂಟು. ಊರು ಬಿಟ್ಟವರು ಹಳೆಯ ದೇವಸ್ಥಾನದ ಜಾತ್ರೆಗೆ ಬರುತ್ತಾರೆ. ರುದ್ರಭೂಮಿಗೂ ಖಬರಸ್ತಾನಕ್ಕೂ ಹೆಣ ಒಯ್ಯುವ ದಾರಿ ಅದೇ ಇರಬಹುದು. ಕುರಿ ದನಗಳು ನೀರಿಗೆ ಇಳಿಯುವುದು ಅಲ್ಲಿಯೇ ಇರಬಹುದು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಹೊಲದ ನಡುವೆ ನಡೆದವರಿಗೆ ಮಳೆಗಾಲದಲ್ಲಿ ಗಟ್ಟಿ ನೆಲದ ಹಳೆಯ ದಾರಿಯೊಂದೇ ಗತಿಯಾಗಬಹುದು. ಆದುದರಿಂದ ಬೇಸಿಗೆಯ ಒಂದು ಭೇಟಿಯಿಂದ ದಾರಿ ನಿರುಪಯುಕ್ತವೆಂದು ಬರೆಯುವುದು ನ್ಯಾಯವಲ್ಲ. ಕೆಳಗೆ ನೀರಿನ ಪೈಪು, ಪಕ್ಕದಲ್ಲಿ ವಿದ್ಯುತ್ ಕಂಬಗಳಿದ್ದರೆ ಅದನ್ನೂ ವರದಿಯಲ್ಲಿ ಕಾಣಿಸಬೇಕು.

ದಾರಿ ಮುಚ್ಚಿದರೆ ಲಾಭವಾಗುವವರು ಪಂಚಾಯಿತಿಗೆ ತಾವಾಗಿ ಬರುತ್ತಾರೆ. ನಷ್ಟವಾಗುವವರು ಬಹುಪಾಲು ಬಾರರು. ಕೂಲಿಗೆ ಹೋದವರು, ಗುಳೆ ಹೋದವರು, ನೋಟೀಸು ಓದಲಾಗದ ವೃದ್ಧರು ಅವರಲ್ಲಿ ಸೇರಿರುತ್ತಾರೆ. ಆದ್ದರಿಂದ ಹಳೆಯ ಊರಿನಲ್ಲಿ ಅಂಟಿಸಿದ ನೋಟೀಸನ್ನು ಪುನರ್ವಸತಿ ಕೇಂದ್ರದಲ್ಲಿಯೂ ಡಂಗುರ ಸಾರಿಸಿ ತಿಳಿಸುವುದು, ವಿಷಯವನ್ನು ಗ್ರಾಮಸಭೆಯಲ್ಲಿ ಓದಿಹೇಳಿಸುವುದು, ಬಂದ ಪ್ರತಿ ಆಕ್ಷೇಪಣೆಗೂ ಸ್ವೀಕೃತಿ ಕೊಡಿಸುವುದು ಸದಸ್ಯರ ಹೊಣೆ. ಇಷ್ಟು ನಡೆದ ಬಳಿಕ ಬಿಟ್ಟುಕೊಟ್ಟ ದಾರಿಯ ಬಗ್ಗೆ ನಾಳೆ ಯಾರೂ ತಕರಾರು ತೆಗೆಯಲಾರರು; ಉಳಿಸಿಕೊಂಡ ದಾರಿಯನ್ನು ಯಾರೂ ಕಬಳಿಸಲಾರರು.