ನೋವು ಸುಳ್ಳಲ್ಲ

(ಹೊಸದುರ್ಗದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ರಜಕ್ಕೆ ಊರಿಗೆ ಹೋದರೆ ನಮ್ಮ ಅವ್ವಂದಿರು ಏನು ಹೇಳ್ತಾರೆ? "ನಡ ಹಿಡ್ಕೊಂಡೈತೆ ಕಣಪ್ಪಾ, ರಾತ್ರಿಯೆಲ್ಲ ನಿದ್ದೆ ಇಲ್ಲ" ಅಂತಾರೆ. ಕೇಳಿ ಕೇಳಿ ನಮ್ಮ ಕಿವಿ ಮರಗಟ್ಟಿದೆ. ನಮ್ಮಲ್ಲೊಬ್ಬರ ಅವ್ವ ಮೂರು ವರ್ಷ ಹೀಗೇ ನರಳಿದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಕ್ಸ್‌ರೇ ನೋಡಿದ ಡಾಕ್ಟರು, "ಮೂಳೆ ಸರಿಯಾಗೇ ಇದೆ, ಇದೆಲ್ಲ ತಲೆಯೊಳಗಿನ ನೋವು" ಅಂದರು. ಕೂಲಿಗೆ ಕರೆಯುವವರು ಅದಕ್ಕೂ ಮೊದಲೇ "ಮೈಗಳ್ಳಿ" ಅಂದಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಕೇಳಿದಳು: "ನಾನೇನು ಸುಳ್ಳು ಹೇಳ್ತೀನಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರಕ್ಕಾಗಿ ಓದಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ಡಾಕ್ಟರ ಮಾತಿನಲ್ಲಿ ಅರ್ಧ ನಿಜ ಇತ್ತು. ನೋವು ತಲೆಯೊಳಗೇ ಹುಟ್ಟುತ್ತದೆ. ಆದರೆ ಎಲ್ಲರ ನೋವೂ ಅಲ್ಲೇ ಹುಟ್ಟೋದು, ಡಾಕ್ಟರ ಹಲ್ಲುನೋವು ಕೂಡ. ಕಾಲಿಗೆ ಜಾಲಿ ಮುಳ್ಳು ಚುಚ್ಚಿದರೆ ನರಗಳು ಸುದ್ದಿಯನ್ನಷ್ಟೇ ಬೆನ್ನುಹುರಿಯ ಮೂಲಕ ಮಿದುಳಿಗೆ ಒಯ್ಯುತ್ತವೆ. ಆ ಸುದ್ದಿಯನ್ನು ನೋವಾಗಿಸುವುದು ಮಿದುಳು. ಕಾಲು ಕತ್ತರಿಸಿದ ಎಷ್ಟೋ ಜನರಿಗೆ ಇಲ್ಲದ ಕಾಲಿನ ಬೆರಳು ನೋಯುತ್ತದೆ. ಇಲ್ಲದ ಬೆರಳೇ ನೋಯುವುದಾದರೆ, ಎಕ್ಸ್‌ರೇಯಲ್ಲಿ ಕಾಣದ ನೋವು ಸುಳ್ಳು ಹೇಗಾದೀತು?

1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಹೊಸ ವಿಚಾರ ಮುಂದಿಟ್ಟರು. ನೋವಿನ ಸುದ್ದಿಗೆ ಬೆನ್ನುಹುರಿಯಲ್ಲಿ ಒಂದು ಬಾಗಿಲು ಇದ್ದಂತೆ. ಅದನ್ನು ತೆರೆಯುವುದರಲ್ಲಿ, ಮುಚ್ಚುವುದರಲ್ಲಿ ಮಿದುಳಿನ ಕೈವಾಡವೂ ಇದೆ ಅಂದರು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1979ರಲ್ಲಿ, ನೋವು ಮೈಯ ಅನುಭವವೂ ಹೌದು, ಭಾವನೆಯ ಅನುಭವವೂ ಹೌದು ಎಂದು ವಿವರಿಸಿತು. 2020ರಲ್ಲಿ ಅದನ್ನು ತಿದ್ದಿದಾಗ, ನೋಯುತ್ತಿದೆ ಅಂತ ಯಾರಾದರೂ ಹೇಳಿದರೆ ಆ ಮಾತಿಗೆ ಗೌರವ ಕೊಡಬೇಕು ಎಂದೂ ಸೇರಿಸಿತು. ಅವ್ವನಿಗೆ ಸಿಗದೇ ಹೋದದ್ದು ಈ ಗೌರವವೇ.

ಎಲ್ಲಿ ನೋಯ್ತಿದೆ, ಎಷ್ಟು ನೋಯ್ತಿದೆ ಅಂತ ಗುರುತಿಸುವ ಭಾಗಗಳು ಮಿದುಳಿನಲ್ಲಿವೆ. ಭಯಪಡುವ, "ಅಯ್ಯೋ ತಡೀಲಾರೆ" ಅನ್ನಿಸುವ ಭಾಗಗಳೂ ಇವೆ. ಎರಡೂ ಹೆಣೆದುಕೊಂಡೇ ಕೆಲಸ ಮಾಡುತ್ತವೆ. 3 ತಿಂಗಳು ದಾಟಿದ್ದನ್ನು ವೈದ್ಯರು ದೀರ್ಘಕಾಲದ ನೋವು ಅನ್ನುತ್ತಾರೆ. ಇಂಥವರಲ್ಲಿ ಎಷ್ಟೋ ಜನರಿಗೆ ಗಾಯ ಮಾಗಿದರೂ ನರಗಳ ಎಚ್ಚರ ಇಳಿಯುವುದಿಲ್ಲ. ಕಳ್ಳ ಬಂದು ಹೋದ ಮೇಲೆ ಎಲೆ ಅಲುಗಿದರೂ ಬೊಗಳುವ ನಾಯಿಯ ಹಾಗೆ. ಬೆನ್ನುನೋವಿನವರ ಮಿದುಳಿನ ಚಿತ್ರ ತೆಗೆದ ಸಂಶೋಧಕರು, ನೋವು ಹಳತಾದಂತೆ ಅದು ಭಾವನೆಯ ಭಾಗಗಳ ಕಡೆಗೆ ಸರಿಯುತ್ತದೆ ಎಂದು 2013ರಲ್ಲಿ ಪ್ರಕಟಿಸಿದರು. ಚಿಂತೆ, ನಿದ್ದೆಗೇಡು, ಅವಮಾನ ನೋವನ್ನು ಬೆಳೆಸುತ್ತವೆ. ನೋವು ಮತ್ತೆ ನಿದ್ದೆ ಕೆಡಿಸುತ್ತದೆ.

ಈಗ ಅವ್ವನನ್ನು ನೆನೆಯಿರಿ. ನಾಳೆ ಕೂಲಿಗೆ ಹೋಗದಿದ್ದರೆ ಒಲೆ ಹೊತ್ತೋದಿಲ್ಲ. ಸಂಘದ ಸಾಲದ ಕಂತು ಕಾಯ್ತಿದೆ. ಮೇಲೆ "ಮೈಗಳ್ಳಿ" ಅನ್ನೋ ಮಾತು. ಆ ಮಿದುಳು ಎಚ್ಚರ ಇಳಿಸೋದು ಹೇಗೆ?

ನಂಬದೇ ಇರೋದು ನಮ್ಮ ಕೇರಿಗೆ ಮಾತ್ರ ಬಂದ ಕಷ್ಟವಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ತರಬೇತಿ ವೈದ್ಯರಲ್ಲಿ ಸುಮಾರು ಅರ್ಧ ಜನ ಕಪ್ಪು ಜನರ ದೇಹದ ಬಗ್ಗೆ ಒಂದಾದರೂ ಸುಳ್ಳನ್ನು ನಂಬಿದ್ದರು. ಕಪ್ಪು ಜನರ ಚರ್ಮ ದಪ್ಪ ಅನ್ನೋದು ಅಂಥದ್ದೊಂದು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆಯಾಗಿ ಅಳೆದರು. "ಇವರದ್ದು ಗಟ್ಟಿ ಜೀವ, ದುಡಿದು ಅಭ್ಯಾಸ" ಅಂತ ನಮ್ಮ ಹೆಂಗಸರಿಗೆ ಹೇಳೋದು ಅದೇ ಸುಳ್ಳಿನ ನಮ್ಮೂರ ರೂಪ.

ಹಾಗಂತ ಮೈಯಲ್ಲಿನ ಕಾರಣ ಹುಡುಕೋದು ಬಿಡಬಾರದು. ನಮ್ಮ ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ನೋಯುತ್ತವೆ, ಬಿಗಿಯುತ್ತವೆ. ಕೇರಿಯ ನೀರು ಪರೀಕ್ಷೆಯಾಗಲಿ ಅಂತ ಪಂಚಾಯ್ತಿಗೆ ಅರ್ಜಿ ಕೊಡೋಣ. ಕಾಲು ಜೋಮು ಹಿಡಿದು ಬಲ ಹೋದರೆ, ಉಚ್ಚೆ ಕಟ್ಟಿದರೆ, ಜ್ವರ ಬಂದರೆ, ಮೈ ಸೊರಗುತ್ತಾ ಹೋದರೆ ತಡ ಮಾಡದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು.

ಉಳಿದಂತೆ, ನೋವಿನ ಗುಳಿಗೆಯನ್ನೇ ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ನಡೆಯೋದು, ನಿದ್ದೆ, ಜೊತೆಗೆ ಕೂತು ಮಾತಾಡುವವರು, ಇವು ಎಚ್ಚರ ಇಳಿಸಲು ನೆರವಾಗುತ್ತವೆ. ಆದರೆ ಬಗ್ಗಿ ದುಡಿಯುವವಳಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು? ನ್ಯಾಯದ ಕೂಲಿ, ವಾರಕ್ಕೊಂದು ರಜ ಕೇಳುವುದೂ ನೋವಿನ ಚಿಕಿತ್ಸೆಯೇ. ಮನೆಯಲ್ಲಿ ನೀರಿನ ಕೊಡ ಹೊರುವ ಕೆಲಸ ನಮ್ಮದಾಗಲಿ, ಗಂಡುಹುಡುಗರೇ.

ಇಷ್ಟನ್ನು ಅವ್ವನಿಗೆ ತಿಳಿಸಿ ಹೇಳಿದೆವು. ನೋವು ಅವತ್ತೇ ಹೋಗಲಿಲ್ಲ. "ಹಂಗಾದ್ರೆ ನಾನು ಮೈಗಳ್ಳಿ ಅಲ್ಲ" ಅಂದಳು. ಆ ರಾತ್ರಿ ತನ್ನ ನೋವಿನ ಕಥೆ ಪೂರಾ ಹೇಳಿದಳು, ನಾವು ಪೂರಾ ಕೇಳಿದೆವು. ಈ ರಜದಲ್ಲಿ ನೀವೂ ಕೇಳಿ.

ಜೈ ಭೀಮ್.