ಮೋಡ ಆಕಾಶದಲ್ಲಿಲ್ಲ, ನಮ್ಮ ನೆಲದ ಮೇಲಿದೆ!

(ಬೆಂಗಳೂರಿನ ಕನ್ನಡ ಯುವಕರ ಸಭೆಯಲ್ಲಿ ಬಂಟ್ವಾಳದ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)

ಕನ್ನಡದ ಯುವ ಮಿತ್ರರೇ,

ನಾನು ವಿದ್ವಾಂಸನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸು ಸೇರಿದವನು. ಮದುವೆ ಕಾಗದ, ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರ ಅಚ್ಚು ಹಾಕಿ ಬದುಕುವವನು. ಕರೆಂಟು ಹೋದರೆ ನನ್ನ ಮೆಷಿನ್ ನಿಲ್ಲುತ್ತದೆ. ಹಾಗಾಗಿ ಯೂನಿಟ್ಟಿನ ಲೆಕ್ಕ ನನಗೆ ಚೆನ್ನಾಗಿ ಗೊತ್ತು.

ನಿಮ್ಮ ಮೊಬೈಲಿನ ಫೋಟೋ ‘ಕ್ಲೌಡ್’ನಲ್ಲಿದೆ ಎನ್ನುತ್ತೀರಿ. ಆ ಮೋಡ ಎಲ್ಲಿದೆ? ಅದು ಡೇಟಾ ಸೆಂಟರ್ ಎಂಬ ಕಟ್ಟಡ! ಒಳಗೆ ಸಾವಿರಾರು ಕಂಪ್ಯೂಟರುಗಳು ಹಗಲಿರುಳು ಓಡುತ್ತವೆ. ಕಾದ ಯಂತ್ರ ತಣಿಸಲು ನೀರು ಬೇಕು, ಎಸಿ ಬೇಕು. ಕರೆಂಟು ಹೋದರೆ ಡೀಸೆಲ್ ಜನರೇಟರ್ ಬೇಕು. 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ನುಂಗಿದ ವಿದ್ಯುತ್ ಸುಮಾರು 41,500 ಕೋಟಿ ಯೂನಿಟ್ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳಿದೆ.

ಕರ್ನಾಟಕ ಸರ್ಕಾರ 2022ರಲ್ಲೇ ಡೇಟಾ ಸೆಂಟರ್ ನೀತಿ ತಂದಿದೆ. ಕಡಲೊಳಗಿನ ಕೇಬಲ್ ಮಂಗಳೂರಿನಲ್ಲಿ ದಡ ಹತ್ತಬೇಕೆಂಬ ಮಾತೂ ಬಂದಿದೆ. ಕೇಬಲ್ ಬಂದಲ್ಲಿಗೆ ಕಟ್ಟಡವೂ ಬರುತ್ತದೆ. ಮಂಗಳೂರಿನಲ್ಲಿ ಜಾಗ ಸಾಲದಿದ್ದರೆ ಕಣ್ಣು ಬೀಳುವುದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮೇಲೆ!

ಒಂದು ಲೆಕ್ಕ ಹಾಕೋಣ. 10 ಮೆಗಾವ್ಯಾಟಿನ ಒಂದೇ ಸೆಂಟರ್ ಪೂರ್ತಿ ಓಡಿದರೆ ದಿನಕ್ಕೆ 2,40,000 ಯೂನಿಟ್. ತಿಂಗಳಿಗೆ ನೂರು ಯೂನಿಟ್ ಸುಡುವ 72,000 ಮನೆಗಳ ಕರೆಂಟು ಅದು! ನೀರನ್ನು ಆವಿ ಮಾಡಿ ತಣಿಸುವ ಪದ್ಧತಿಯಾದರೆ, ಯೂನಿಟ್ಟಿಗೆ ಒಂದೇ ಲೀಟರ್ ಹಿಡಿದರೂ ದಿನಕ್ಕೆ 2,40,000 ಲೀಟರ್.

ಆ ನೀರು ಎಲ್ಲಿಂದ? ಘಟ್ಟ ಇಳಿದು ಬೆಳ್ತಂಗಡಿ ಹಾದು ಬರುವ ನೇತ್ರಾವತಿಗೆ ಬಂಟ್ವಾಳದ ತುಂಬೆಯಲ್ಲಿ ಅಣೆಕಟ್ಟು. ಮಂಗಳೂರು ಕುಡಿಯುವುದು ಅದೇ ನೀರು. ಮಳೆಗಾಲದಲ್ಲಿ ದಡ ಮೀರುವ ಆ ಹೊಳೆ ಬೇಸಿಗೆಯಲ್ಲಿ ಬತ್ತುತ್ತದೆ. 2019ರಲ್ಲಿ, 2023ರಲ್ಲಿ ಮಂಗಳೂರಿಗೆ ಸರದಿ ಮೇಲೆ ನೀರು ಬಿಟ್ಟರು. ಮನುಷ್ಯರಿಗೇ ಸರದಿಯಾದಾಗ ಯಂತ್ರಕ್ಕೆ ಎಲ್ಲಿಂದ ತರುತ್ತೀರಿ?

ಕರೆಂಟಿನ ಕಥೆಯೂ ನಮಗೆ ಗೊತ್ತು. ಮೂಡುಬಿದಿರೆ ಹತ್ತಿರದ ನಿಡ್ಡೋಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಬರುತ್ತದೆಂದಾಗ, 2013ರಲ್ಲಿ ರೈತರು ಎದ್ದು ನಿಂತರು. ಸ್ಥಾವರ ಬರಲಿಲ್ಲ. ಮುಂದೆ ಉಡುಪಿ–ಕಾಸರಗೋಡು 400 ಕೆವಿ ಲೈನು ಮೂಡುಬಿದಿರೆ, ಬಂಟ್ವಾಳದ ತೋಟಗಳ ಮೇಲೆ ಹಾದುಹೋಗುತ್ತದೆಂದು ಮತ್ತೆ ಹೋರಾಟ. ಕರೆಂಟು ಯಾರಿಗೋ, ಕಡಿಯುವುದು ನಮ್ಮ ಅಡಿಕೆ ಮರ!

ಒಂದು ದಿನ ಹಳ್ಳಿಯ ಹಿರಿಯರೊಬ್ಬರು ಜಾಗದ ವಿಷಯದ ನೋಟಿಸು ಹಿಡಿದು ನನ್ನ ಪ್ರೆಸ್ಸಿಗೆ ಬಂದರು. “ಇದರಲ್ಲಿ ಎಂತ ಬರೆದದ್ದು ಮಾರಾಯ್ರೆ?” ಎಂದು ಕೇಳಿದರು. ಪೂರ್ತಿ ಇಂಗ್ಲಿಷು. ನನಗೂ ಅರ್ಧ ಅರ್ಥವಾಗಲಿಲ್ಲ. ಓದಿಸಿಕೊಳ್ಳುವಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದಿತ್ತು. ಅವತ್ತು ನನಗೆ ಗೊತ್ತಾಯಿತು: ಭಾಷೆ ಕಳೆದುಕೊಂಡವನು ನೆಲವನ್ನೂ ಕಳೆದುಕೊಳ್ಳುತ್ತಾನೆ.

ಇನ್ನೂ ಒಂದು ವಿಷಯ. 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಕಾರ್ಖಾನೆಗೆ ಸಾರ್ವಜನಿಕ ಅಹವಾಲು ಸಭೆ ಉಂಟು. ಸಾರಾಂಶವನ್ನು ಜನರ ಭಾಷೆಯಲ್ಲೂ ಕೊಡಬೇಕು. ಕಟ್ಟಡ ನಿರ್ಮಾಣಕ್ಕೆ ಆ ಸಭೆಯೇ ಬೇಕಿಲ್ಲ! ಡೇಟಾ ಸೆಂಟರ್ ಬರೀ ಕಟ್ಟಡ ಎಂದು ಲೆಕ್ಕಕ್ಕೆ ಬಂದರೆ ನಮ್ಮನ್ನು ಕೇಳುವವರು ಯಾರು?

ನಾನು ಕಂಪ್ಯೂಟರಿನ ವಿರೋಧಿಯಲ್ಲ. ಅಚ್ಚುಮೊಳೆ ಜೋಡಿಸುವ ಕಾಲ ಹೋಯಿತು, ಇವತ್ತು ನನ್ನ ಅನ್ನವೂ ಕಂಪ್ಯೂಟರಿನದೇ. ಆದರೆ ಜಾಗ ಕೊಡುವ ಮೊದಲು ಎಷ್ಟು ಯೂನಿಟ್, ಎಷ್ಟು ಲೀಟರ್, ಯಾವ ಹೊಳೆಯದು, ಸ್ಥಳೀಯರಿಗೆ ಎಷ್ಟು ಕೆಲಸ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿ ಗ್ರಾಮಸಭೆಯಲ್ಲಿ ಓದಲಿ. ಕುಡಿಯುವ ನೀರು ಮುಟ್ಟದೆ, ಶುದ್ಧೀಕರಿಸಿದ ಕೊಳಚೆ ನೀರು ಬಳಸಲಿ.

ಗೆಳೆಯರೇ, ಬೋರ್ಡಿನಲ್ಲಿ ಕನ್ನಡ ಬೇಕೆಂದು ಹೋರಾಡುತ್ತೀರಿ, ಸಂತೋಷ. ಯೋಜನೆಯ ಕಡತದಲ್ಲೂ ಕನ್ನಡ ಕೇಳಿ! ನಿಮಗೆ ಇಂಗ್ಲಿಷು ಬರುತ್ತದೆ. ಆ ಕಡತ ಓದಿ ಕನ್ನಡದಲ್ಲಿ ಬರೆದುಕೊಡಿ. ಮಾಹಿತಿ ಹಕ್ಕಿನ ಅರ್ಜಿ ಕನ್ನಡದಲ್ಲೇ ಹಾಕಿ. ಕರಪತ್ರ ಅಚ್ಚು ಹಾಕುವ ಕೆಲಸ ನನ್ನದು. ಅದಕ್ಕೆ ಕೂಲಿ ಬೇಡ.

ಸಿರಿಗನ್ನಡಂ ಗೆಲ್ಗೆ!